ಬರ್ಮಾದ ಕಾದಂಬರಿಕಾರ ಥೇನ್ ಪೇ ಮ್ಯಿಂಟ್

ಬರ್ಮಾ ದೇಶದ ಭಾಷೆಯಲ್ಲಿ ಮಠಕ್ಕೂ ಶಾಲೆಗೂ ಒಂದೇ ಶಬ್ದ. ‘ಚೌಂಗ್’ ಎಂದರೆ ಭಿಕ್ಷುಗಳು ವಾಸಿಸುವ ವಿಹಾರವೂ ಹೌದು, ಮಕ್ಕಳು ಅಕ್ಷರ ತಿದ್ದುವ ಪಾಠಶಾಲೆಯೂ ಹೌದು. ವಿದ್ಯಾರ್ಥಿಯನ್ನು ಆ ಜನರು ‘ಚೌಂಗ್‌ಥಾ’ ಎಂದು ಕರೆಯುತ್ತಾರೆ. ಪದವಿಭಾಗ ಮಾಡಿ ನೋಡಿದರೆ ‘ಮಠದ ಮಗ’ ಎಂಬ ಅರ್ಥ ದೊರೆಯುತ್ತದೆ. ಅವರು ಕಾಲೇಜಿನ ವಿದ್ಯಾರ್ಥಿಗೂ ಈ ಶಬ್ದವನ್ನೇ ಬಳಸುತ್ತಾರೆ. ಆಂಗ್ಲರ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವವನೂ ಅವರಿಗೆ ಮಠದ ಮಗನೇ. ಶ್ರೀಮಠದ ನೆರಳಿನಲ್ಲಿ ಬೆಳೆದುಬಂದ ಈ ವಿದ್ಯಾಸಂಸ್ಥೆಯ ಗುರುವರ್ಗಕ್ಕೂ ಪೂರ್ವ ವಿದ್ಯಾರ್ಥಿಗಳಿಗೂ ಈ ಶಬ್ದಾರ್ಥವನ್ನು ಹೆಚ್ಚು ವಿವರಿಸಬೇಕಾದ ಪ್ರಮೇಯವಿಲ್ಲ.

ಅಂಥ ಒಬ್ಬ ಮಠದ ಮಗನ ಜೀವನಚರಿತ್ರೆಯನ್ನು ಈ ಸಂಚಿಕೆಗೆ ಬರೆಯುವೆನೆಂದು ಹೇಳಿದಾಗ ಸಹೋದ್ಯೋಗಿ ಮಿತ್ರರೊಬ್ಬರು, “ಪಂಡಿತರೇ, ಸನ್ಯಾಸಿಗಳನ್ನು ಹಳಿದು ಕಾದಂಬರಿ ಬರೆದವನಂತೆ ಆತ. ಮಠದ ಸಂಚಿಕೆಯಲ್ಲಿ ಅವನ ಕಥೆ ಯಾಕೆ ಬೇಕಿತ್ತು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲವಾದ ಕಾರಣ ಈ ಲೇಖನ ಹುಟ್ಟಿತು.

ಚರಿತ್ರನಾಯಕನ ಹೆಸರು ಥೇನ್ ಪೇ ಮ್ಯಿಂಟ್. ಬರ್ಮೀಯರಲ್ಲಿ ಮನೆತನದ ಹೆಸರಾಗಲಿ ಅಡ್ಡಹೆಸರಾಗಲಿ ಇಲ್ಲ. ತಂದೆಯ ಹೆಸರು ಮಗನಿಗೆ ಅಂಟಿಕೊಳ್ಳುವುದೂ ಇಲ್ಲ. ವಯಸ್ಸಿಗೂ ಗೌರವಕ್ಕೂ ತಕ್ಕಂತೆ ಹೆಸರಿನ ಹಿಂದೆ ‘ಮೌಂಗ್’, ‘ಕೋ’, ‘ಊ’ ಎಂಬ ಉಪಪದಗಳನ್ನು ಸೇರಿಸುವುದು ಅಲ್ಲಿನ ಪದ್ಧತಿ. ಈತನು 1914ನೆಯ ಇಸವಿ ಜುಲೈ 10ರಂದು ಮೇಲಣ ಬರ್ಮಾದ ಬುಡಲಿನ್ ಎಂಬ ಊರಿನಲ್ಲಿ ಜನಿಸಿದನು. ಚಿಂದ್ವಿನ್ ನದಿಯ ಕೆಳಪಾತ್ರದ ಪ್ರದೇಶವದು.

ಆಗಿನ ಬರ್ಮಾ ನಮ್ಮ ದೇಶದ ಒಂದು ಪ್ರಾಂತವಾಗಿತ್ತೆಂಬುದನ್ನು ಇಂದಿನ ತರುಣರು ಮರೆತಿರಬಹುದು. 1824, 1852 ಮತ್ತು 1885ರಲ್ಲಿ ಆರಂಭವಾದ ಮೂರು ಯುದ್ಧಗಳಲ್ಲಿ ಆಂಗ್ಲರು ಆ ರಾಜ್ಯವನ್ನು ತುಂಡುತುಂಡಾಗಿ ನುಂಗಿದರು. ಕೊನೆಯ ಅರಸು ಥೀಬಾನನ್ನು ಮಂಡಾಲೆಯ ಅರಮನೆಯಿಂದ ಎಬ್ಬಿಸಿ ತಂದು ಕೊಂಕಣ ತೀರದ ರತ್ನಾಗಿರಿಯಲ್ಲಿ ಇರಿಸಿದರು. ಆತ 1916ರಲ್ಲಿ ಅಲ್ಲಿಯೇ ತೀರಿಕೊಂಡನು. ಅಲ್ಲಿಯ ಅರಸನನ್ನು ಇಲ್ಲಿಗೆ ತಂದವರು ಇಲ್ಲಿಯ ನಾಯಕರನ್ನು ಅಲ್ಲಿಗೆ ಒಯ್ದರು. ಲೋಕಮಾನ್ಯ ತಿಲಕರು 1908ರಿಂದ 1914ರ ವರೆಗೆ ಸೆರೆಯಲ್ಲಿದ್ದು ಗೀತಾರಹಸ್ಯವನ್ನು ಬರೆದದ್ದು ಮಂಡಾಲೆಯಲ್ಲಿ. ತಿಲಕರು ಬಿಡುಗಡೆಯಾದ ವರ್ಷವೇ ನಮ್ಮ ಚರಿತ್ರನಾಯಕನ ಜನನ. 1937ರ ಏಪ್ರಿಲ್ 1ರಂದು ಬರ್ಮಾವನ್ನು ಭಾರತದಿಂದ ಬೇರ್ಪಡಿಸಿ ಪ್ರತ್ಯೇಕ ವಸಾಹತನ್ನಾಗಿ ಮಾಡಲಾಯಿತು.

ಅರಸನನ್ನು ಕಳೆದುಕೊಂಡದ್ದರಿಂದ ಬರ್ಮೀಯರಿಗೆ ರಾಜ್ಯ ಮಾತ್ರ ಹೋಗಲಿಲ್ಲ ಎಂಬುದನ್ನು ಇಲ್ಲಿ ತುಸು ವಿಸ್ತರಿಸಿ ಹೇಳಬೇಕು. ಮುಂದಿನ ಕಥೆಗೆ ಅದು ಅಡಿಪಾಯ. ಬೌದ್ಧ ರಾಷ್ಟ್ರದಲ್ಲಿ ಅರಸನು ಧರ್ಮದ ಪೋಷಕನು. ಭಿಕ್ಷುಸಂಘದ ಶಿಸ್ತಿಗೆ ಮೇಲ್ವಿಚಾರಕನಾಗಿ ಒಬ್ಬ ಮಹಾಸ್ಥವಿರನನ್ನು ಅವನು ನೇಮಿಸುತ್ತಿದ್ದನು. ಆ ಪದವಿಗೆ ‘ಥಾಥನಬೈಂಗ್’ ಎಂದು ಹೆಸರು. ಕಿವಿಗೆ ಅಪರಿಚಿತವೆನಿಸುವ ಈ ಶಬ್ದದೊಳಗೆ ನಮ್ಮ ‘ಶಾಸನ’ ಅಡಗಿದೆ: ಪಾಲಿಯ ‘ಸಾಸನ’ದ ಸಕಾರಗಳು ಬರ್ಮೀಯರ ನಾಲಗೆಯಲ್ಲಿ ಥಕಾರಗಳಾಗಿವೆ. ಬುದ್ಧಶಾಸನದ ಒಡೆಯನೆಂದು ಅರ್ಥ. ದಾರಿ ತಪ್ಪಿದ ಭಿಕ್ಷುವಿನ ಕಾಷಾಯವನ್ನು ಕಳಚಿಸುವ ಅಧಿಕಾರ ಆತನ ಹಿಂದೆ ನಿಂತ ರಾಜದಂಡದಿಂದ ಬರುತ್ತಿತ್ತು. ಆಂಗ್ಲರು ‘ನಿಮ್ಮ ಧರ್ಮದ ವ್ಯವಹಾರದಲ್ಲಿ ನಾವು ಕೈಹಾಕುವುದಿಲ್ಲ’ ಎಂದರು. ಕೇಳುವುದಕ್ಕೆ ಬಹಳ ಉದಾರವಾದ ನೀತಿ. ಆದರೆ ಪರಿಣಾಮದಲ್ಲಿ ಹೇಳುವವರು ಕೇಳುವವರು ಇಲ್ಲದಾಗಿ, ತಲೆ ಬೋಳಿಸಿ ಕಾಷಾಯ ಸುತ್ತಿಕೊಂಡವನೆಲ್ಲ ಭಿಕ್ಷುವೆನಿಸುವ ಕಾಲ ಬಂದಿತು. ಶೀಲವಂತರಾದ ಸಾವಿರಾರು ಭಿಕ್ಷುಗಳು ಹಳ್ಳಿಹಳ್ಳಿಗಳ ಚೌಂಗುಗಳಲ್ಲಿ ಮಕ್ಕಳಿಗೆ ಓದುಬರಹ ಕಲಿಸುತ್ತಲೇ ಇದ್ದರು. 1931ರ ಜನಗಣತಿಯಲ್ಲಿ ಬರ್ಮಾ ಪ್ರಾಂತವು ಭಾರತದ ಇತರ ಪ್ರಾಂತಗಳಿಗಿಂತ ಅಕ್ಷರಸ್ಥರ ಪ್ರಮಾಣದಲ್ಲಿ ಬಹಳ ಮುಂದಿದ್ದದ್ದು ಅವರ ಪುಣ್ಯದಿಂದ. ಅದೇ ಕಾಷಾಯದ ಮರೆಯಲ್ಲಿ ನಗರದ ಭೋಗಕ್ಕೆ ಒಲಿದವರೂ ಹೆಚ್ಚಿದರು.

ಕಾಷಾಯಕ್ಕಾಗಿ ಪ್ರಾಣವನ್ನೇ ಕೊಟ್ಟವರೂ ಆ ಕಾಲದಲ್ಲಿಯೇ ಇದ್ದರು. ಊ ವಿಸಾರ ಎಂಬ ಭಿಕ್ಷುವನ್ನು ರಾಜದ್ರೋಹದ ಆಪಾದನೆಯ ಮೇಲೆ ರಂಗೂನಿನ ಸೆರೆಮನೆಗೆ ಕಳಿಸಿದಾಗ ಅಧಿಕಾರಿಗಳು ಆತನ ಚೀವರವನ್ನು ಕಸಿದು ಕೈದಿಯ ಉಡುಪು ಕೊಟ್ಟರು. ಚೀವರ ಧರಿಸಲು ಅವಕಾಶ ಬೇಕೆಂದು ಆತ ಅನ್ನ ಬಿಟ್ಟನು. 166 ದಿನಗಳ ಉಪವಾಸದ ಅನಂತರ 1929ರ ಸೆಪ್ಟೆಂಬರ್ 19ರಂದು ಪ್ರಾಣ ಬಿಟ್ಟನು. ಆಗ ಥೇನ್ ಪೇ ಹದಿನೈದು ವರ್ಷದ ಹುಡುಗ. ಆ ಪೀಳಿಗೆಯ ತರುಣರ ಮನಸ್ಸಿನಲ್ಲಿ ಕಾಷಾಯವೆಂದರೆ ಏನು ಎಂಬುದಕ್ಕೆ ಊ ವಿಸಾರನ ಮರಣ ಒಂದು ಮಾನದಂಡವಾಗಿ ನಿಂತಿತು.

ರಂಗೂನು ವಿಶ್ವವಿದ್ಯಾಲಯಕ್ಕೆ ಥೇನ್ ಪೇ ಬಂದು ಸೇರಿದ ಕಾಲಕ್ಕೆ ಅಲ್ಲಿ ಬಿರುಗಾಳಿ ಏಳುತ್ತಿತ್ತು. ಯುರೋಪಿಯನ್ನರನ್ನು ‘ಥಾಕಿನ್’, ಅಂದರೆ ‘ಒಡೆಯ’ ಎಂದು ಸಂಬೋಧಿಸುವ ರೂಢಿಯಿತ್ತು. ಈ ದೇಶದ ಒಡೆಯರು ನಾವೇ ಎಂದು ಹೇಳಿ ತರುಣರು ತಮ್ಮ ಹೆಸರುಗಳಿಗೇ ಆ ಶಬ್ದವನ್ನು ಸೇರಿಸಿಕೊಂಡರು. ಒಂದು ಪ್ರತ್ಯಯದಿಂದ ಸಾಮ್ರಾಜ್ಯವನ್ನು ಅಣಕಿಸಿದ ಈ ಬಗೆಯನ್ನು ವ್ಯಾಕರಣ ಬೋಧಿಸುವ ನನ್ನಂಥವರು ಮೆಚ್ಚದಿರಲಾರರು. ಮುಂದೆ ದೇಶದ ಪ್ರಧಾನಿಯಾದ ನು, ಸ್ವಾತಂತ್ರ್ಯದ ಶಿಲ್ಪಿಯೆನಿಸಿದ ಆಂಗ್ ಸಾನ್ ಇವರೆಲ್ಲ ಥೇನ್ ಪೇಯ ಸಮಕಾಲೀನ ವಿದ್ಯಾರ್ಥಿಗಳು. 1936ರ ಫೆಬ್ರುವರಿಯಲ್ಲಿ ನು ಮತ್ತು ಆಂಗ್ ಸಾನ್ ಇಬ್ಬರನ್ನೂ ವಿಶ್ವವಿದ್ಯಾಲಯದಿಂದ ಹೊರಹಾಕುವ ಪ್ರಸಂಗ ಬಂದಿತು. ಮೊದಲನೆಯವನು ಪ್ರಾಂಶುಪಾಲರನ್ನು ಭಾಷಣದಲ್ಲಿ ಟೀಕಿಸಿದ್ದನು. ಎರಡನೆಯವನು ವಿದ್ಯಾರ್ಥಿ ಸಂಘದ ಪತ್ರಿಕೆಯ ಸಂಪಾದಕ. ಅದರಲ್ಲಿ ಅಚ್ಚಾದ ಒಂದು ನಿಂದಾಲೇಖನದ ಕರ್ತೃ ಯಾರೆಂದು ಹೇಳಲು ಒಪ್ಪಲಿಲ್ಲ. (ನಮ್ಮ ಸಂಪಾದಕ ಮಂಡಲಿಯವರು ಈ ದೃಷ್ಟಾಂತವನ್ನು ಗಮನಿಸಬೇಕಾಗಿ ವಿನಂತಿ.) ವಿದ್ಯಾರ್ಥಿಗಳು ಪರೀಕ್ಷೆಗಳನ್ನು ಬಹಿಷ್ಕರಿಸಿ, ಸುವರ್ಣಸ್ತೂಪವೆಂದು ಖ್ಯಾತವಾದ ಶ್ವೇಡಗೋನ್ ಪಗೋಡದ ಸನ್ನಿಧಿಯಲ್ಲಿ ಬೀಡುಬಿಟ್ಟರು. ಥೇನ್ ಪೇ ಆ ಮುಷ್ಕರದಲ್ಲಿ ಪಾಲ್ಗೊಂಡನು. ತರುವಾಯ ಅದನ್ನೇ ವಸ್ತುವಾಗಿಸಿ ಒಂದು ಕೃತಿಯನ್ನು ರಚಿಸಿದನು. ಅದರ ಹೆಸರು ‘ಥಬೇಕ್ ಹ್ಮೌಕ್ ಚೌಂಗ್‌ಥಾ’.

ಈ ಹೆಸರಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ‘ಥಬೇಕ್’ ಎಂದರೆ ಭಿಕ್ಷುವಿನ ಭಿಕ್ಷಾಪಾತ್ರೆ. ‘ಹ್ಮೌಕ್’ ಎಂದರೆ ಬೋರಲು ಹಾಕುವುದು. ಪಾತ್ರೆಯನ್ನು ಬೋರಲು ಹಾಕುವುದೇ ಬರ್ಮೀ ಭಾಷೆಯಲ್ಲಿ ಮುಷ್ಕರ. ಗಿರಣಿಯ ಕೂಲಿಕಾರನು ಕೆಲಸ ನಿಲ್ಲಿಸಿದರೂ ಭಿಕ್ಷಾಪಾತ್ರೆ ಬೋರಲಾಯಿತೆಂದೇ ಅವರು ಹೇಳುವುದು. ಇದರ ಮೂಲ ವಿನಯಪಿಟಕದಲ್ಲಿದೆ. ವಡ್ಢನೆಂಬ ಲಿಚ್ಛವಿ ಗೃಹಸ್ಥನು ಬೇರೆಯವರ ಮಾತು ಕೇಳಿ ದಬ್ಬನೆಂಬ ನಿರ್ದೋಷಿಯಾದ ಭಿಕ್ಷುವಿನ ಮೇಲೆ ಹೀನವಾದ ಆರೋಪ ಹೊರಿಸಿದನು. ಆಗ ಸಂಘವು ಅವನ ವಿಷಯದಲ್ಲಿ ತನ್ನ ಪಾತ್ರೆಯನ್ನು ಬೋರಲು ಹಾಕಿತು. ಅಂದರೆ ಅವನ ಮನೆಯ ಭಿಕ್ಷೆಯನ್ನು ಯಾರೂ ಸ್ವೀಕರಿಸಕೂಡದೆಂದು ನಿರ್ಣಯಿಸಿತು. ಸುದ್ದಿ ಕೇಳಿದ ವಡ್ಢನು ಅಲ್ಲಿಯೇ ಮೂರ್ಛೆಹೋದನೆಂದು ಗ್ರಂಥ ಹೇಳುತ್ತದೆ. ಮುಂದೆ ಅವನು ತಪ್ಪನ್ನೊಪ್ಪಿಕೊಂಡ ಮೇಲೆ ಪಾತ್ರೆಯನ್ನು ಮತ್ತೆ ನೆಟ್ಟಗೆ ಮಾಡಿದರು. ಈ ಕ್ರಿಯೆಗೆ ಪಾಲಿಯಲ್ಲಿ ‘ಪತ್ತನಿಕ್ಕುಜ್ಜನ’ ಎಂದು ಹೆಸರು.

ಭಿಕ್ಷೆ ನಿರಾಕರಿಸಿದರೆ ಹಸಿಯುವವನು ಭಿಕ್ಷು, ಆದರೆ ಶಿಕ್ಷೆಯಾಗುವುದು ದಾನಿಗೆ! ಲೌಕಿಕರಿಗೆ ಇದು ವಿಚಿತ್ರವೆನಿಸಬಹುದು. ಜಂಗಮನ ಜೋಳಿಗೆಗೆ ಒಂದು ಹಿಡಿ ಜೋಳ ಹಾಕಿ ತಾನೇ ಧನ್ಯನಾದೆನೆಂದು ಕೈಮುಗಿಯುವ ಒಕ್ಕಲಿನವರನ್ನು ಬಲ್ಲ ನಮಗೆ ವಿಚಿತ್ರವಲ್ಲ. ಈ ಶಾಲೆಯ ಪ್ರಸಾದನಿಲಯದ ಒಲೆ ಉರಿದು ಬಂದದ್ದು ಅಂಥ ಹಿಡಿ ಜೋಳಗಳಿಂದ. ದಾಸೋಹದಲ್ಲಿ ಸ್ವೀಕರಿಸುವವನಿಂದ ಕೊಡುವವನಿಗೆ ಉಪಕಾರವೇ ಹೊರತು ಅನ್ಯಥಾ ಅಲ್ಲ. ಆ ತತ್ತ್ವದ ಇನ್ನೊಂದು ಮುಖವನ್ನು ಬರ್ಮೀಯರ ಮುಷ್ಕರವೆಂಬ ಶಬ್ದ ತೋರಿಸುತ್ತದೆ: ಸ್ವೀಕರಿಸುವವನಿಗೆ ‘ಒಲ್ಲೆ’ ಎನ್ನುವ ಅಧಿಕಾರವೂ ಇದೆ. ಆದರೆ ಪಾತ್ರೆ ಹಿಡಿದವನು ಆ ಪಾತ್ರೆಗೆ ಯೋಗ್ಯನಾಗಿದ್ದಾಗ ಮಾತ್ರ ಬೋರಲಾದ ಪಾತ್ರೆಗೆ ಅರ್ಥ. ಅಯೋಗ್ಯನ ಪಾತ್ರೆ ಬೋರಲಾದರೂ ಅಷ್ಟೇ, ನೆಟ್ಟಗಿದ್ದರೂ ಅಷ್ಟೇ.

ಥೇನ್ ಪೇಯ ಹೆಸರನ್ನು ದೇಶದ ತುಂಬ ಹರಡಿದ ಕಾದಂಬರಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1937ರ ಹೊತ್ತಿಗೆ ಪ್ರಕಟವಾದ ಆ ಕೃತಿಯ ಹೆಸರು ‘ತೆತ್ ಫೊಂಜಿ’. ‘ಫೊಂಜಿ’ ಎಂಬುದು ಭಿಕ್ಷುವಿಗೆ ಜನ ಬಳಸುವ ಗೌರವದ ಹೆಸರು. ಮಹಾಮಹಿಮನೆಂದು ಅದರ ಅರ್ಥ. ‘ತೆತ್’ ಎಂದರೆ ಮುಂದುವರಿದ, ಹೊಸ ಕಾಲದ. ‘ಆಧುನಿಕ ಭಿಕ್ಷು’ ಎಂದು ಕನ್ನಡಿಸಬಹುದಾದರೂ ಮೂಲದಲ್ಲಿರುವ ವಕ್ರೋಕ್ತಿ ನಮ್ಮ ಮಾತಿನಲ್ಲಿ ಪೂರ್ತಿ ಇಳಿಯದು. ವಿನಯದ ನಿಯಮಗಳನ್ನು ಗಾಳಿಗೆ ತೂರಿ, ಕಾಷಾಯವನ್ನು ಮಾತ್ರ ಬಿಡದೆ, ಭೋಗದಲ್ಲಿ ಮುಳುಗಿದವರ ಚಿತ್ರ ಅದರಲ್ಲಿದೆ. ಮಧ್ಯಾಹ್ನದ ಮೇಲೆ ಆಹಾರ ಮುಟ್ಟಬಾರದ, ಹಣ ಮುಟ್ಟಬಾರದ, ಸ್ತ್ರೀಸಂಗದ ನೆನಪನ್ನೂ ತರಬಾರದ ಆಶ್ರಮದಲ್ಲಿ ನಡೆಯುತ್ತಿದ್ದದ್ದನ್ನು ಇಪ್ಪತ್ತಮೂರರ ಹರೆಯದ ಲೇಖಕನು ಮುಚ್ಚುಮರೆಯಿಲ್ಲದೆ ಬರೆದನು. ಆವರೆಗೆ ಇಂಥ ವಿಷಯ ಕಿವಿಯಿಂದ ಕಿವಿಗೆ ಹೋಗುತ್ತಿತ್ತು. ಅಚ್ಚಿನ ಮೊಳೆಗೆ ಬಂದಿರಲಿಲ್ಲ.

ದೊಡ್ಡ ಗದ್ದಲವೆದ್ದಿತು. ಭಿಕ್ಷುಸಂಘದವರು ಪ್ರತಿಭಟಿಸಿದರು. ಲೇಖಕನು ಸಂಘದ ಕ್ಷಮೆ ಯಾಚಿಸಬೇಕಾಯಿತು. ಕ್ಷಮೆ ಯಾಚಿಸಿದರೂ ಕೃತಿ ಅವನನ್ನು ಬಿಡಲಿಲ್ಲ: ‘ತೆತ್ ಫೊಂಜಿ ಥೇನ್ ಪೇ’ ಎಂದೇ ಜನ ಆತನನ್ನು ಕರೆಯತೊಡಗಿದರು. ಸರ್ಕಾರಿ ಕಾಗದಪತ್ರಗಳಲ್ಲಿ ಕೂಡ ಆ ಹೆಸರು ಸೇರಿಹೋಯಿತು. ಬರೆದದ್ದಕ್ಕಾಗಿ ತಲೆಬಾಗಿದವನಿಗೆ ಬರೆದದ್ದೇ ಬಿರುದಾಯಿತು.

ಮಿತ್ರರ ಪ್ರಶ್ನೆಗೆ ಈಗ ಬರುತ್ತೇನೆ. ಈ ಕಾದಂಬರಿಯಲ್ಲಿ ಭಿಕ್ಷುಧರ್ಮದ ನಿಂದೆ ಇದೆಯೇ? ನನಗೆ ಹಾಗೆ ತೋರುವುದಿಲ್ಲ. ಭಿಕ್ಷುವಿಗೆ ಶೀಲ ಬೇಕಾಗಿಲ್ಲವೆಂದು ನಂಬುವವನಿಗೆ ದುಶ್ಶೀಲನನ್ನು ಕಂಡು ಸಿಟ್ಟೇಕೆ ಬಂದೀತು? ಕಾಷಾಯವು ಕೇವಲ ಬಣ್ಣದ ಬಟ್ಟೆಯೆಂದು ತಿಳಿದವನು ಅದರ ಮೇಲಿನ ಕಲೆಯನ್ನು ಕುರಿತು ಇಡೀ ಗ್ರಂಥ ಬರೆಯುವ ಶ್ರಮ ವಹಿಸಲಾರ. ಹನ್ನೆರಡನೆಯ ಶತಮಾನದ ನಮ್ಮ ಶರಣರು ಆಚಾರವಿಲ್ಲದ ಲಾಂಛನಧಾರಿಗಳನ್ನು ಎಷ್ಟು ನಿಷ್ಠುರವಾಗಿ ಜರೆದಿದ್ದಾರೆಂಬುದನ್ನು ವಚನಗಳನ್ನು ಕಂಠಪಾಠ ಮಾಡಿಸುವ ನಾವು ಬಲ್ಲೆವು. ಅವರು ಹೊರಗಿನವರಾಗಿ ಜರೆಯಲಿಲ್ಲ. ಲಾಂಛನಕ್ಕೆ ಶರಣೆಂದವರೇ ಜರೆದರು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಆ ವಚನಗಳ ಭಾವಾರ್ಥ ಬರೆಯಿಸುವ ನಾವು, ಅಂಥದೇ ಮಾತನ್ನು ನಮ್ಮ ವಿದ್ಯಾರ್ಥಿಯೊಬ್ಬನು ಸ್ವಂತ ವಾಕ್ಯದಲ್ಲಿ ಬರೆದರೆ ಏನು ಮಾಡುತ್ತೇವೆ? ಈ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡಾಗ ಥಟ್ಟನೆ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಹಾಗೆಂದು ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಸುಧಾರಕನ ಆವೇಶದಲ್ಲಿ ಕಲೆಗಾರನು ಹಿಂದೆ ಬೀಳುವುದು ಆ ಕಾಲದ ಬರವಣಿಗೆಯಲ್ಲಿ ಸಾಮಾನ್ಯ. 1940ರಲ್ಲಿ ಬಂದ ‘ತೆತ್ ಖಿತ್ ನತ್ ಹ್ಸೋ’, ಅಂದರೆ ‘ಈ ಕಾಲದ ಪಿಶಾಚಿ’ ಎಂಬ ಕಾದಂಬರಿಯಲ್ಲಿಯೂ ಆತ ಹಾಗೆಯೇ ನಡೆದಿದ್ದಾನೆ. ಗುಹ್ಯರೋಗಗಳು ಸಂಸಾರಗಳನ್ನು ಹೇಗೆ ಹಾಳುಮಾಡುತ್ತವೆಂಬುದು ಅದರ ವಸ್ತು. ಯಾರೂ ಹೇಳಲಾರದ್ದನ್ನು ಹೇಳಬೇಕೆಂಬ ಹಟ ಅವನಿಗೆ ಸ್ವಭಾವಸಿದ್ಧವಾಗಿತ್ತು.

ಕಾನೂನು ವ್ಯಾಸಂಗಕ್ಕೆಂದು ಮುಷ್ಕರದ ತರುವಾಯ ಆತ ಕಲ್ಕತ್ತೆಗೆ ಬಂದನು. ಅಲ್ಲಿ ಓದಿದ ಕಾನೂನಿಗಿಂತ ಬಂಗಾಳದ ಸಮತಾವಾದಿ ತರುಣರ ಸಹವಾಸವೇ ಅವನ ಜೀವನವನ್ನು ತಿರುಗಿಸಿತು. ಮಾರ್ಕ್ಸನ ಮತವನ್ನು ಬರ್ಮಾಕ್ಕೆ ಕೊಂಡೊಯ್ದವರಲ್ಲಿ ಆತನೂ ಒಬ್ಬನಾದನು. 1938ರ ಜುಲೈನಲ್ಲಿ ರಂಗೂನಿನಲ್ಲಿ ಭಾರತೀಯರ ಮೇಲೆ, ವಿಶೇಷವಾಗಿ ಮುಸಲ್ಮಾನರ ಮೇಲೆ, ಭೀಕರ ದಂಗೆಗಳಾದವು. ಬುದ್ಧಧರ್ಮವನ್ನು ಹಳಿದ ಪುಸ್ತಕವೊಂದು ಅದಕ್ಕೆ ನೆಪವಾಯಿತು. 1931ರಲ್ಲಿ ಸುಮಾರು ನಾಲ್ಕು ಲಕ್ಷ ಜನವಿದ್ದ ರಂಗೂನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರಾಗಿದ್ದರು. ಬಂದರಿನ ಹಮಾಲರಿಂದ ಹಿಡಿದು ಹೊಲಗಳನ್ನು ಅಡವಿಟ್ಟುಕೊಂಡ ಚೆಟ್ಟಿಯಾರರ ವರೆಗೆ. ದಂಗೆಗೆ ಧರ್ಮ ನೆಪ, ಒಡಲಲ್ಲಿದ್ದದ್ದು ಹೊಲ ಮತ್ತು ಕೂಲಿಯ ಸಂಕಟ. ಥೇನ್ ಪೇ ಭಾರತೀಯರ ಮತ್ತು ಬರ್ಮೀಯರ ಈ ಕಲಹವನ್ನೇ ಕುರಿತು ಆಗ ಒಂದು ಪುಸ್ತಕ ಬರೆದನು.

ಅದೇ ವರ್ಷ ಎಣ್ಣೆಯ ಬಾವಿಗಳ ಕೂಲಿಕಾರರು ರಂಗೂನಿಗೆ ಕಾಲ್ನಡಿಗೆಯಲ್ಲಿ ಹೊರಟರು. ವಿದ್ಯಾರ್ಥಿಗಳು ಅವರ ಬೆಂಬಲಕ್ಕೆ ನಿಂತರು. ಡಿಸೆಂಬರಿನಲ್ಲಿ ಸಚಿವಾಲಯದ ಮುಂದೆ ಪೊಲೀಸರ ಲಾಠಿಯ ಏಟಿಗೆ ಆಂಗ್ ಚೌ ಎಂಬ ವಿದ್ಯಾರ್ಥಿ ಬಲಿಯಾದನು. ಬರ್ಮೀ ಶಕೆಯ 1300ನೆಯ ವರ್ಷವಾದ್ದರಿಂದ ಇತಿಹಾಸದಲ್ಲಿ ಇದಕ್ಕೆ 1300ರ ಕ್ರಾಂತಿಯೆಂದು ಹೆಸರು. ಇಪ್ಪತ್ತು ವರ್ಷಗಳ ಅನಂತರ, 1958ರಲ್ಲಿ, ಥೇನ್ ಪೇ ಮ್ಯಿಂಟ್ ಈ ಹೋರಾಟದ ಯುಗವನ್ನೇ ತನ್ನ ಮಹಾಕಾದಂಬರಿಯಲ್ಲಿ ತುಂಬಿದನು. ‘ಪೂರ್ವದಲ್ಲಿ ಸೂರ್ಯನು ಉದಯಿಸುವಷ್ಟು ನಿಶ್ಚಯವಾಗಿ’ ಎಂಬುದು ಅದರ ಹೆಸರಿನ ಅರ್ಥ. ಒಬ್ಬ ವಿದ್ಯಾರ್ಥಿಯ ಬೆಳವಣಿಗೆಯ ಮೂಲಕ ಒಂದು ಜನಾಂಗದ ಎಚ್ಚರವನ್ನು ಹೇಳುವ ಕೃತಿಯದು. ಆಧುನಿಕ ಬರ್ಮೀ ಸಾಹಿತ್ಯದ ಮುಖ್ಯ ಕಾದಂಬರಿಗಳಲ್ಲಿ ಅದಕ್ಕೆ ಸ್ಥಾನವಿದೆ.

ಎರಡನೆಯ ಮಹಾಯುದ್ಧ ಬಂದಿತು. ಆಂಗ್ ಸಾನ್ ಮತ್ತು ಆತನ ಸಂಗಡಿಗರು ಜಪಾನೀಯರಿಂದ ಶಸ್ತ್ರವಿದ್ಯೆ ಕಲಿತು, ಅವರ ಸೇನೆಯೊಡನೆ ದೇಶಕ್ಕೆ ಮರಳಿದರು. ಆಂಗ್ಲರನ್ನು ಓಡಿಸುವವನು ಯಾರಾದರೂ ಸರಿ ಎಂಬುದು ಆಗಿನ ಉತ್ಸಾಹ. ಒಂದು ನೊಗ ಕಳಚಲು ಇನ್ನೊಂದಕ್ಕೆ ಕೊರಳೊಡ್ಡುವುದು ವಿವೇಕವಲ್ಲವೆಂದು ತಿಳಿದ ಕೆಲವರಲ್ಲಿ ಥೇನ್ ಪೇ ಒಬ್ಬನು. 1942ರ ಜುಲೈನಲ್ಲಿ, ಇಪ್ಪತ್ತೆಂಟರ ಪ್ರಾಯದಲ್ಲಿ, ಟಿನ್ ಶ್ವೇ ಎಂಬ ಒಬ್ಬ ಸಂಗಾತಿಯೊಡನೆ ಅರಕಾನಿನ ಮಾರ್ಗವಾಗಿ ಗಡಿ ದಾಟಿ ಭಾರತಕ್ಕೆ ಬಂದನು. ಅದೇ ವರ್ಷ ಸುಮಾರು ಐದು ಲಕ್ಷ ಭಾರತೀಯರು ಬರ್ಮಾದಿಂದ ಓಡಿಬಂದಿದ್ದರು. ಕಾಡುಬೆಟ್ಟಗಳನ್ನು ನಡೆದು ದಾಟುವಾಗ ಹಸಿವೆ ರೋಗಗಳಿಂದ ಸಾವಿರಾರು ಮಂದಿ ಮಡಿದಿದ್ದರು.

ಯಾರ ವಿರುದ್ಧ ಹೋರಾಡಿದ್ದನೋ ಅವರ ಬಾಗಿಲಿಗೇ ಸಹಾಯ ಕೇಳಿ ಹೋಗಬೇಕಾದ ಸಂಕಟವನ್ನು ವಾಚಕರು ಊಹಿಸಿಕೊಳ್ಳಬೇಕು. ಆಂಗ್ಲ ಅಧಿಕಾರಿಗಳು ಮೊದಲು ಶಂಕೆಯಿಂದಲೇ ನೋಡಿದರು. ಭಾರತದಲ್ಲಿ ಆಗಸ್ಟ್ 9ರಂದು ಗಾಂಧೀಜಿ ಮತ್ತು ಕಾಂಗ್ರೆಸ್ ನಾಯಕರು ಸೆರೆಮನೆ ಸೇರಿದರು; ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗು ಬೀದಿಬೀದಿಯಲ್ಲಿ ಮೊಳಗುತ್ತಿತ್ತು. ಆ ಕೂಗಿನ ನಡುವೆ ಕುಳಿತು ಈತ ಜಪಾನೀಯರ ವಿರುದ್ಧ ಆಂಗ್ಲರೊಡನೆ ಕೈಜೋಡಿಸುವ ಮಾತಾಡಬೇಕಾಗಿತ್ತು. ‘ಬರ್ಮಾದಲ್ಲಿ ನಡೆದದ್ದೇನು’ ಎಂಬ ಆತನ ಆಂಗ್ಲ ಪುಸ್ತಕವು 1943ರಲ್ಲಿ ಅಲಹಾಬಾದಿನ ಕಿತಾಬಿಸ್ತಾನ್ ಪ್ರಕಾಶನದಿಂದ ಹೊರಬಂದಿತು. ಪ್ರಸಿದ್ಧ ಅಮೆರಿಕನ್ ಪತ್ರಕರ್ತ ಎಡ್ಗರ್ ಸ್ನೋ ಅದಕ್ಕೆ ಮುನ್ನುಡಿ ಬರೆದನು. ಚೀನದ ಯುದ್ಧಕಾಲದ ರಾಜಧಾನಿಯಾದ ಚುಂಗ್‌ಕಿಂಗ್ ನಗರಕ್ಕೂ ಆತ ಹೋಗಿಬಂದನು. ಕಲ್ಕತ್ತೆಯಲ್ಲಿದ್ದುಕೊಂಡು ಬರ್ಮಾದೊಳಗಿನ ಗುಪ್ತ ಸಂಘಟನೆಗೂ ಮಿತ್ರರಾಷ್ಟ್ರಗಳ ಸೇನೆಗೂ ನಡುವೆ ಕೊಂಡಿಯಾಗಿ ಕೆಲಸ ಮಾಡಿದನು. 1945ರ ಮಾರ್ಚ್ 27ರಂದು ಆಂಗ್ ಸಾನನ ಸೇನೆ ಜಪಾನೀಯರ ವಿರುದ್ಧ ತಿರುಗಿಬಿದ್ದಿತು. ಆ ದಿನದ ಹಿಂದೆ ಕಲ್ಕತ್ತೆಯ ಈ ಮೌನ ಪರಿಶ್ರಮವೂ ಇತ್ತು.

ಆ ವರ್ಷಗಳ ಅನುಭವವನ್ನು ಆತನೇ ‘ಯುದ್ಧಕಾಲದ ಪ್ರವಾಸಿ’ ಎಂಬರ್ಥದ ಗ್ರಂಥದಲ್ಲಿ ಬರೆದಿದ್ದಾನೆ. ರಾಬರ್ಟ್ ಟೇಲರ್ ಎಂಬ ವಿದ್ವಾಂಸರು 1984ರಲ್ಲಿ ಅದನ್ನು ಆಂಗ್ಲಭಾಷೆಗೆ ತಂದರು.

ಯುದ್ಧಾನಂತರದ ರಾಜಕಾರಣವನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. ಆತ ದೇಶದಲ್ಲಿಲ್ಲದಿರುವಾಗಲೇ 1945ರಲ್ಲಿ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಚುನಾಯಿತನಾದನು. 1946ರಲ್ಲಿ ಕೆಲವು ವಾರಗಳ ಮಟ್ಟಿಗೆ ಗವರ್ನರನ ಕಾರ್ಯಾಂಗ ಮಂಡಲಿಯ ಸದಸ್ಯನಾಗಿದ್ದು ಹೊರಬಂದನು. 1947ರ ಜುಲೈ 19ರಂದು ಆಂಗ್ ಸಾನ್ ಮತ್ತು ಆತನ ಸಹೋದ್ಯೋಗಿಗಳು ಸಚಿವಾಲಯದಲ್ಲಿಯೇ ಕೊಲೆಯಾದರು. 1948ರ ಜನವರಿ 4ರಂದು ದೇಶ ಸ್ವತಂತ್ರವಾಯಿತು. ಮೂರು ತಿಂಗಳೊಳಗೆ ಕಮ್ಯುನಿಸ್ಟರು ಕಾಡು ಸೇರಿ ಬಂದೂಕು ಹಿಡಿದರು. ಥೇನ್ ಪೇ ಅವರೊಡನೆ ಹೋಗಲಿಲ್ಲ. ಹೋಗದಿದ್ದವನನ್ನೂ ಸರ್ಕಾರ ನಂಬದೆ ಸೆರೆಯಲ್ಲಿಟ್ಟಿತು. ಕಾಡಿನವರಿಗೆ ಆತ ದ್ರೋಹಿ, ನಾಡಿನವರಿಗೆ ಬಂಡುಕೋರ! ಬಿಡುಗಡೆಯಾದ ಮೇಲೆ ಲೇಖನಿಯನ್ನು ಬಿಗಿಯಾಗಿ ಹಿಡಿದನು. 1956ರಲ್ಲಿ ಹುಟ್ಟೂರಾದ ಬುಡಲಿನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದನು. 1958ರಲ್ಲಿ ‘ಬೋಟಟೌಂಗ್’ ಎಂಬ ದಿನಪತ್ರಿಕೆಯನ್ನು ಸ್ಥಾಪಿಸಿ ಅದರ ಸಂಪಾದಕನಾದನು.

1962ರ ಮಾರ್ಚ್‌ನಲ್ಲಿ ಸೇನಾಪತಿ ನೇ ವಿನ್ ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಸಂಸತ್ತು ಹೋಯಿತು. ಸಮಾಜವಾದದ ಹೆಸರು ಹೇಳಿದ ಆ ಸೈನಿಕ ಆಡಳಿತವನ್ನು ಥೇನ್ ಪೇ ಮ್ಯಿಂಟ್ ಬೆಂಬಲಿಸಿದನು. 1964ರಲ್ಲಿ ಆತನ ಪತ್ರಿಕೆಯೂ ಸರ್ಕಾರದ ವಶವಾಯಿತು. ಚರಿತ್ರನಾಯಕನ ಬಗ್ಗೆ ಎಷ್ಟು ಗೌರವವಿದ್ದರೂ ಇಲ್ಲಿ ನನ್ನ ಲೇಖನಿ ತಡೆಯುತ್ತದೆ. ಕಾಷಾಯದ ಮರೆಯಲ್ಲಿದ್ದವರನ್ನು ಇಪ್ಪತ್ತಮೂರರಲ್ಲಿ ಗುರುತಿಸಿದ ಕಣ್ಣು, ಸಮಾಜವಾದದ ಮರೆಯಲ್ಲಿದ್ದವರನ್ನು ನಲವತ್ತೆಂಟರಲ್ಲಿ ಏಕೆ ಗುರುತಿಸಲಿಲ್ಲ? ಜೀವನವಿಡೀ ಕಾದ ಸೂರ್ಯೋದಯ ಇದೇ ಇರಬಹುದೆಂಬ ಆಸೆಯಿಂದಲೋ, ಸೆರೆಮನೆಗಳಿಂದ ದಣಿದ ಜೀವದ ರಾಜಿಯಿಂದಲೋ? ಚರಿತ್ರೆ ಬರೆಯುವವನು ಒಳ್ಳೆಯದನ್ನು ಹೇಳಿ ಇದನ್ನು ನುಂಗಿಬಿಟ್ಟರೆ, ‘ತೆತ್ ಫೊಂಜಿ’ಯ ಲೇಖಕನಿಗೆ ಅದರಿಂದ ಮರ್ಯಾದೆಯಾಗದು.

1978ರ ಜನವರಿ 15ರಂದು ಆತ ಕಾಲವಾದನು. ಸೈನಿಕ ಆಡಳಿತದ ವಿರುದ್ಧ 1988ರಲ್ಲಿ ಮತ್ತೆ ‘ಮಠದ ಮಕ್ಕಳು’ ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದ್ದನ್ನು ಆತ ಕಾಣಲಿಲ್ಲ. 1989ರಲ್ಲಿ ದೇಶಕ್ಕೆ ಮ್ಯಾನ್ಮಾರ್ ಎಂದೂ ರಂಗೂನಿಗೆ ಯಾಂಗೋನ್ ಎಂದೂ ಅಧಿಕೃತ ಹೆಸರುಗಳಾದದ್ದನ್ನೂ ಕಾಣಲಿಲ್ಲ. 2007ರ ಸೆಪ್ಟೆಂಬರಿನಲ್ಲಿ ಆ ದೇಶದ ಭಿಕ್ಷುಗಳು ಸಾವಿರಾರು ಸಂಖ್ಯೆಯಲ್ಲಿ ಯಾಂಗೋನಿನ ಮಳೆಯಲ್ಲಿ ಬರಿಗಾಲಿನಿಂದ ಮೆರವಣಿಗೆ ಹೊರಟರು. ಸೇನಾಧಿಕಾರಿಗಳ ಮತ್ತು ಅವರ ಕುಟುಂಬಗಳ ಭಿಕ್ಷೆಯನ್ನು ಸ್ವೀಕರಿಸುವುದಿಲ್ಲವೆಂದು ಘೋಷಿಸಿ ಪಾತ್ರೆಗಳನ್ನು ಬೋರಲು ಹಿಡಿದು ನಡೆದರು. ವಡ್ಢ ಲಿಚ್ಛವಿಗಾದ ಶಿಕ್ಷೆ ಇಪ್ಪತ್ತೈದು ಶತಮಾನಗಳ ಮೇಲೆ ಸೇನಾಪತಿಗಳಿಗಾಯಿತು. ವಡ್ಢನಂತೆ ಅವರು ಮೂರ್ಛೆಹೋಗಲಿಲ್ಲ. ವಿಹಾರಗಳಿಗೆ ರಾತ್ರಿಯ ಹೊತ್ತು ನುಗ್ಗಿ ಭಿಕ್ಷುಗಳನ್ನು ಹಿಡಿದೊಯ್ದರು. ಸನ್ಯಾಸಿಗಳ ಪತನವನ್ನು ಚಿತ್ರಿಸಿದ ಲೇಖಕನು ಸೈನಿಕರ ಜೊತೆಗೆ ನಿಂತನು. ಆತನ ಕೃತಿಯಿಂದ ನೊಂದ ಸಂಘವು ಸೈನಿಕರ ಎದುರಿಗೆ ನಿಂತಿತು. ಇದನ್ನು ವಿಧಿಯ ಅಣಕವೆಂದು ಕೆಲವರು ಹೇಳಬಹುದು. ಆತ ತನ್ನ ತಾರುಣ್ಯದಲ್ಲಿ ಯಾವ ಭಿಕ್ಷುವಿಗಾಗಿ ಹಂಬಲಿಸಿ ಆ ಕಾದಂಬರಿ ಬರೆದನೋ ಆ ಭಿಕ್ಷು 2007ರಲ್ಲಿ ಬೀದಿಗೆ ಬಂದನೆಂದು ನನಗೆ ಅನಿಸುತ್ತದೆ.

ಆತನ ಕಾದಂಬರಿಗಳಿಗಿಂತ ಸಣ್ಣ ಕಥೆಗಳು ನಮ್ಮವರಿಗೆ ಸುಲಭವಾಗಿ ದೊರೆಯುತ್ತವೆ. ಅವುಗಳ ಒಂದು ಸಂಕಲನವನ್ನು ಶ್ರೀಮತಿ ಉಷಾ ನಾರಾಯಣನ್ ಅವರು ಆಂಗ್ಲಕ್ಕೆ ಅನುವಾದಿಸಿದ್ದು, ‘ಸಿಹಿ ಮತ್ತು ಹುಳಿ’ ಎಂಬರ್ಥದ ಹೆಸರಿನಲ್ಲಿ 1999ರಲ್ಲಿ ದೆಹಲಿಯಿಂದ ಪ್ರಕಟವಾಯಿತು. ಈಕೆ 1997ರಿಂದ 2002ರ ವರೆಗೆ ನಮ್ಮ ರಾಷ್ಟ್ರಪತಿಗಳಾಗಿದ್ದ ಕೆ. ಆರ್. ನಾರಾಯಣನ್ ಅವರ ಧರ್ಮಪತ್ನಿ. ಹುಟ್ಟಿನಿಂದ ಬರ್ಮೀಯಳು; ತವರಿನ ಹೆಸರು ಮಾ ಟಿನ್ ಟಿನ್. ಒಂದು ಕಾಲಕ್ಕೆ ಬರ್ಮಾದ ಅರಸನನ್ನು ಸೆರೆಯಾಳಾಗಿ ತರಿಸಿಕೊಂಡ ನೆಲದಲ್ಲಿ, ಬರ್ಮಾದ ಮಗಳೊಬ್ಬಳು ರಾಷ್ಟ್ರಪತಿ ಭವನದ ಗೃಹಿಣಿಯಾಗಿದ್ದಾಗ ಹೊರಬಂದ ಪುಸ್ತಕವದು. ಪ್ರೌಢಶಾಲೆಯ ಮೇಲಿನ ತರಗತಿಗಳಿಗೆ ಅದರಿಂದ ಒಂದೆರಡು ಕಥೆಗಳನ್ನು ಕನ್ನಡಿಸಿ ಓದಿ ಹೇಳಬೇಕೆಂದಿದ್ದೇನೆ. ಪುಸ್ತಕದ ಒಂದು ಪ್ರತಿಯನ್ನು ನಮ್ಮ ಗ್ರಂಥಾಲಯಕ್ಕೆ ಒದಗಿಸಬಲ್ಲ ಪೂರ್ವ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಶಾಲೆಯ ಕಾರ್ಯಾಲಯಕ್ಕೆ ತಿಳಿಸಬೇಕಾಗಿ ಪ್ರಾರ್ಥನೆ.